ಗುರುಪಾದ ಬಿಡದ ಗ್ಯಾಸು

ಹಾಲಿನ ಗಾಡಿ ಬಂದು ಹೋಗಿ ಇನ್ನೂ ಅರ್ಧ ತಾಸಾಗಿಲ್ಲ. ಹುಬ್ಬಳ್ಳಿಯ ದೇಶಪಾಂಡೆ ನಗರದ ಒಂದು ಓಣಿಯಲ್ಲಿ, ವೃಂದಾ ಅವರ ಹಾಲಿನ ಅಂಗಡಿಯ ಮುಂದೆ, ಗಾಜಿನ ಬಾಗಿಲಿನ ದೊಡ್ಡ ಫ್ರಿಜ್ಜು ರಸ್ತೆಗೆ ಬೆನ್ನು ತೋರಿಸಿಕೊಂಡು ನಿಂತಿದೆ. ಅದರ ಹಿಂದೆ ಗೋಣಿಚೀಲ ಹಾಸಿಕೊಂಡು, ಬಾಯಲ್ಲಿ ಪುಟ್ಟ ಟಾರ್ಚು ಕಚ್ಚಿಕೊಂಡು ಮಲಗಿರುವವರು ಗುರುಪಾದ. ವಯಸ್ಸು ಐವತ್ತು ದಾಟಿದೆ. ಫ್ರಿಜ್ಜು ರಿಪೇರಿ ಬಿಟ್ಟರೆ ಬೇರೆ ಕೆಲಸ ಮಾಡಿದವರಲ್ಲ. ಒಳಗೆ ಮೊಸರಿನ ಪ್ಯಾಕೆಟ್ಟುಗಳು ಬೆವರುತ್ತಿವೆ, ಹೊರಗೆ ವೃಂದಾ.

"ಗುರುಪಾದಣ್ಣಾ, ಲಗೂ ಮಾಡ್ರಲಾ. ಬಿಸಲು ಏರಿತಂದ್ರ ಹಾಲೆಲ್ಲಾ ಒಡೀತದ."

"ಆತ್ರಿ ಅಕ್ಕಾರ. ಒಳಗಿನ ಗ್ಯಾಸ್ ಇನ್ನೂ ಬರಾಕತ್ತೈತಿ. ಅದನ್ನ ಪೂರಾ ಹಿಡದ ಮ್ಯಾಲೇನ ಪೈಪಿಗೆ ಕೈ ಹಚ್ಚತೇನಿ."

ಫ್ರಿಜ್ಜಿನ ಕಂಪ್ರೆಸರ್ ಸುಟ್ಟುಹೋಗಿದೆ. ಬೇರೆ ಯಾರಾದರೂ ಆಗಿದ್ದರೆ ಪೈಪು ಕತ್ತರಿಸಿ, ಒಳಗಿನ ಗ್ಯಾಸನ್ನು ಫುಸ್ಸೆಂದು ಗಾಳಿಗೆ ಬಿಟ್ಟು, ಚಹಾ ಆರುವುದರೊಳಗೆ ಹೊಸ ಕಂಪ್ರೆಸರ್ ಕೂಡಿಸಿ ಎದ್ದಿರುತ್ತಿದ್ದರು. ಗುರುಪಾದ ಹಾಗೆ ಮಾಡುವುದಿಲ್ಲ. ಹಳೆಯ ಫ್ರಿಜ್ಜಿನ ಕಂಪ್ರೆಸರ್ ಒಂದಕ್ಕೆ ಹಲಗೆ, ಹಿಡಿಕೆ, ಕೊಳವೆ ಜೋಡಿಸಿ ತಾವೇ ಕಟ್ಟಿಕೊಂಡ ಯಂತ್ರವೊಂದು ಪಕ್ಕದಲ್ಲಿ ಗುರ್ ಎನ್ನುತ್ತಿದೆ. ಅದು ಫ್ರಿಜ್ಜಿನ ಗ್ಯಾಸನ್ನು ಹೀರಿ, ಹಳದಿ ತಲೆಯ ಬೂದು ಸಿಲಿಂಡರಿಗೆ ತುಂಬುತ್ತಿದೆ. ಗಿರಾಕಿಗಳಿಗೆ ಇದು ಅರ್ಥವಾಗದ ವ್ಯವಹಾರ. ಕೆಲವರು ಕಾಯಲಾರದೆ ಬೇರೆ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದ್ದೂ ಉಂಟು.

ಯಾಕೆ ಹಿಡಿಯುತ್ತೀರಿ ಎಂದು ಕೇಳಿದರೆ ಗುರುಪಾದ ತಲೆ ಕೆರೆದುಕೊಳ್ಳುತ್ತಾರೆ. "ಖರೇ ಹೇಳಬೇಕಂದ್ರ ನನಗೂ ಪೂರಾ ತಿಳದಿಲ್ರಿ. ಬಿಡಬಾರದು ಅಂತ ಹೇಳ್ಯಾರ, ಬಿಡಂಗಿಲ್ಲ. ಅಷ್ಟ."

ಊರು ಹುಬ್ಬಳ್ಳಿ ತಾಲೂಕಿನ ಶಿರಗುಪ್ಪಿ. ಮನೆಯವರದು ಹೊಲ, ಎಮ್ಮೆ. ಇವರಿಗೆ ಮಾತ್ರ ಯಾಕೋ ತಣ್ಣಗಿನ ಪೆಟ್ಟಿಗೆಯ ಮೇಲೆ ಮನಸ್ಸು. ಹುಬ್ಬಳ್ಳಿಗೆ ಬಂದು ಉಸ್ತಾದ ಶರೀಫಸಾಬರ ಕೈಕೆಳಗೆ ಕೆಲಸ ಕಲಿತರು. ಶರೀಫಸಾಬರು ಈ ಕಸುಬಿನ ಹಳೆಯ ಹುಲಿ. ಪೈಪಿನ ಬಾಯನ್ನು ತುಸು ಬಿಚ್ಚಿ, ಗ್ಯಾಸು ಹೊರಬೀಳುವ ಸಪ್ಪಳ ಕೇಳಿಯೇ ಒಳಗೆ ಎಷ್ಟು ಉಳಿದಿದೆ, ರೋಗ ಎಲ್ಲಿದೆ ಎಂದು ಹೇಳುತ್ತಿದ್ದರು. ಆ ಸಪ್ಪಳದ ಪಾಠ ಕಲಿಯಲು ಗುರುಪಾದರಿಗೆ ವರ್ಷಗಳೇ ಹಿಡಿದವು. ಕಲಿತು ಮುಗಿಯಿತು ಎನ್ನುವಷ್ಟರಲ್ಲಿ, ಆ ಸಪ್ಪಳ ಬರಲೇಬಾರದು ಎಂಬ ಹೊಸ ಪಾಠ ಬಂತು.

ಬಂದದ್ದು ಧಾರವಾಡದಿಂದ. ಮೃಣಾಲಿನಿ ಅಲ್ಲಿನ ಒಂದು ತರಬೇತಿ ಕೇಂದ್ರದಲ್ಲಿ ರಸಾಯನಶಾಸ್ತ್ರದವರು. ಮೆಕ್ಯಾನಿಕ್‌ಗಳನ್ನು ಕೂಡಿಸಿಕೊಂಡು, ಬೋರ್ಡಿನ ಮೇಲೆ ಭೂಮಿಯ ಚಿತ್ರ ಬಿಡಿಸಿ, ಅದರ ಸುತ್ತ ಇನ್ನೊಂದು ಗೆರೆ ಎಳೆದು ಹೇಳಿದರು: ಇದು ಓಝೋನ್ ಪದರ. ಫ್ರಿಜ್ಜಿನ ಹಳೆಯ ಗ್ಯಾಸು ಮೇಲೇರಿ ಇದನ್ನು ತಿಂದು ತೂತು ಮಾಡುತ್ತದೆ. ವಿಜ್ಞಾನಿಗಳು ಇದನ್ನು ಕಂಡುಹಿಡಿದ ಮೇಲೆ ದೇಶ ದೇಶಗಳ ಪ್ರತಿನಿಧಿಗಳು ಕೆನಡಾದ ಮಾಂಟ್ರಿಯಲ್ ಊರಿನಲ್ಲಿ ಕೂತು ಒಪ್ಪಂದ ಬರೆದರು. ಬರಬರುತ್ತ ಜಗತ್ತಿನ ಎಲ್ಲ ದೇಶಗಳೂ ಅದಕ್ಕೆ ಒಪ್ಪಿದವು.

ಹಿಂದಿನ ಸಾಲಿನಿಂದ ಗುರುಪಾದ ಎದ್ದು ನಿಂತೇಬಿಟ್ಟರು. "ಎಲ್ಲಾ ದೇಶಾನೂ ಏನ್ರಿ ಅಕ್ಕಾರ? ನಮ್ಮ ಓಣ್ಯಾಗ ನಳದ ನೀರಿನ ಪಾಳಿಗೆ ನಾಕ ಮನಿ ಒಪ್ಪಂಗಿಲ್ಲ. ಅವರು ಹೆಂಗ ಒಪ್ಪಿದ್ರು?"

ಮೃಣಾಲಿನಿ ನಕ್ಕರು. "ಸುಮ್ಮನ ಒಪ್ಪಲಿಲ್ರೀ. ನಮ್ಮಂಥ ದೇಶದವರು ನಮಗ ಹೆಚ್ಚಿನ ವರ್ಷ ಕೊಡ್ರಿ, ಹೊಸಾದು ಕಲೀಲಿಕ್ಕೆ ನೆರವು ಕೊಡ್ರಿ ಅಂತ ಪಟ್ಟು ಹಿಡದ್ರು. ಜಗಳಾ ಆಡ್ಯಾರ, ಚೌಕಾಸಿ ಮಾಡ್ಯಾರ, ಆಮ್ಯಾಲೆ ಒಪ್ಯಾರ. ನೀವು ಇಲ್ಲೆ ಕೂತು ಕಲೀಲಿಕ್ಕತ್ತದ್ದೂ ಆ ಚೌಕಾಸ್ಯಾಗ ಬಂದದ್ದ."

ಎಲ್ಲೋ ಕೆನಡಾದಲ್ಲಿ ನಡೆದ ಚೌಕಾಸಿಗೂ ತಮ್ಮ ಅಂಗಡಿಯ ನಟ್ಟು ಬಿಚ್ಚುವ ಪಾನಾಕ್ಕೂ ಸಂಬಂಧವಿದೆ ಎನ್ನುವುದು ಗುರುಪಾದರಿಗೆ ಆ ದಿನ ನಂಬಲಾಗಲಿಲ್ಲ. ಈಗಲೂ ಪೂರ್ತಿ ನಂಬಿಕೆ ಬಂದಿಲ್ಲ. ಆದರೆ ಗ್ಯಾಸನ್ನು ಗಾಳಿಗೆ ಬಿಡುವುದಿಲ್ಲ ಎಂದು ಮೃಣಾಲಿನಿಯವರ ಮುಂದೆ ಮಾತು ಕೊಟ್ಟಾಗಿತ್ತು.

ಅಲ್ಲಿಂದ ಶುರುವಾದದ್ದು ದೊಡ್ಡ ಪೀಕಲಾಟ. ಮೊದಲಿನ ಗ್ಯಾಸು ಆಕಾಶ ತಿನ್ನುತ್ತದೆ ಎಂದು ಅದರ ಜಾಗಕ್ಕೆ ಇನ್ನೊಂದು ಬಂತು. ಎಲ್ಲರೂ ಅದಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ, ಅದು ಪದರಕ್ಕೆ ಏನೂ ಮಾಡದಿದ್ದರೂ ಭೂಮಿಯನ್ನು ಕಾಯಿಸುತ್ತದೆ ಎಂದಾಯಿತು. ದೇಶಗಳು ಮತ್ತೆ ಸೇರಿದವು, ಈ ಸಲ ಆಫ್ರಿಕಾದ ಕಿಗಾಲಿಯಲ್ಲಿ. ಅದನ್ನೂ ಕಡಿಮೆ ಮಾಡಬೇಕೆಂದು ಒಪ್ಪಿದವು. ಈಗ ಮನೆಯ ಹೊಸ ಫ್ರಿಜ್ಜುಗಳಲ್ಲಿ ಬರುವ ಗ್ಯಾಸು ಆಕಾಶಕ್ಕೂ ಒಳ್ಳೆಯದು, ಭೂಮಿಗೂ ಒಳ್ಳೆಯದು. ಬೆಂಕಿ ಮಾತ್ರ ಹತ್ತುತ್ತದೆ. ಅದನ್ನು ಗುರುಪಾದ ತಾವೇ ಕಟ್ಟಿಕೊಂಡ ಯಂತ್ರದಲ್ಲಿ ಹಿಡಿಯಲು ಹೋಗಬಾರದು, ಫ್ರಿಜ್ಜನ್ನು ಬಯಲಿಗೆ ತಂದು ಹುಷಾರಾಗಿ ಗಾಳಿಗೇ ಬಿಡಬೇಕು.

"ಒಂದನ್ನ ಬಿಟ್ರ ಪಾಪ, ಒಂದನ್ನ ಹಿಡದ್ರ ಜೀವಕ್ಕ ಅಪಾಯ. ನಾ ಬೆಳಿಗ್ಗೆ ಎದ್ದು ಮೊದಲ ಫ್ರಿಜ್ಜಿನ ಬೆನ್ನಿನ ಚೀಟಿ ಓದತೇನ್ರಿ, ಆಮ್ಯಾಲೆ ದೇವರ ಮುಖಾ ನೋಡೂದು," ಎನ್ನುತ್ತಾರೆ ಗುರುಪಾದ. ಅವರ ಮುಖದಲ್ಲಿ ನಗೆ ಇಲ್ಲ. ನಿಜವಾಗಿಯೂ ಗೊಂದಲದಲ್ಲಿದ್ದಾರೆ.

ಹೀಗೆ ಹಿಡಿದ ಗ್ಯಾಸು ವರ್ಷಗಟ್ಟಲೆ ಅಂಗಡಿಯ ಮೂಲೆಯ ದೊಡ್ಡ ಸಿಲಿಂಡರಿನಲ್ಲಿ ಕೂಡಿಬಿದ್ದಿತ್ತು. ಸಾಕಷ್ಟು ತುಂಬಿದ ಮೇಲೆ ಧಾರವಾಡಕ್ಕೆ ಒಯ್ದು ಕೊಟ್ಟರೆ, ಅವರು ಶುದ್ಧ ಮಾಡಿಸಿ ಮರುಬಳಕೆಗೆ ಕಳಿಸುತ್ತಾರೆ ಎಂಬ ಭರವಸೆ. ತುಂಬುವ ಹೊತ್ತಿಗೆ ಸಂಕಟ ಬಂತು. ಹೋದ ತಿಂಗಳು ಅಂಗಡಿಯ ಮಾಲೀಕರು ಕಟ್ಟಡ ಕೆಡವುತ್ತೇವೆ, ಖಾಲಿ ಮಾಡಿ ಎಂದರು. ಸಿಕ್ಕ ಹೊಸ ಜಾಗ ಪಕ್ಕದ ಓಣಿಯ ಮೆಟ್ಟಿಲ ಕೆಳಗಿನ ಸಂದಿ. ಸಾಮಾನೆಲ್ಲ ಜೋಡಿಸಿದರೆ ಒಂದೇ ಮೂಲೆ ಉಳಿಯುತ್ತದೆ. ಅಲ್ಲಿ ಸಿಲಿಂಡರ್ ಇಡಬೇಕು, ಇಲ್ಲವೆ ಶರೀಫಸಾಬರ ಸ್ಟೂಲು. ಕೈ ನಡುಗುತ್ತದೆಂದು ಕೆಲಸ ಬಿಟ್ಟ ಶರೀಫಸಾಬರು ದಿನಾ ಮುಂಜಾನೆ ಶಿಷ್ಯನ ಅಂಗಡಿಗೆ ಬಂದು ಆ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುವುದು ತಪ್ಪಿದ್ದೇ ಇಲ್ಲ.

ಸಾಮಾನು ಕಟ್ಟುವ ದಿನ ಉಸ್ತಾದರು ಅದೇ ಸ್ಟೂಲಿನ ಮೇಲೆ ಕೂತು ಹೇಳಿದರು. "ಏ ಗುರುಪಾದ, ವಾಲ್ ತಿರುವಿ ಬಿಡಲೇ. ಅಷ್ಟು ದೊಡ್ಡ ಆಕಾಶಕ್ಕ ನಿನ್ನ ಒಂದು ಡಬ್ಬಿ ಏನ್ ಲೆಕ್ಕ? ಯಾರ್ ನೋಡ್ತಾರ?"

ಗುರುಪಾದ ವಾಲ್ವಿನ ಮೇಲೆ ಕೈ ಇಟ್ಟದ್ದು ನಿಜ. ಒಂದು ಸುತ್ತು ತಿರುಗಿಸಿದ್ದರೆ ಸಾಕಿತ್ತು, ಮೂಲೆ ಖಾಲಿ, ತಲೆನೋವು ಖಾಲಿ, ಉಸ್ತಾದರಿಗೆ ಜಾಗ. "ಉಸ್ತಾದ ಹೇಳಿದ್ದು ಸುಳ್ಳು ಅನ್ನಾಕ ನನ್ನ ಹತ್ರ ಏನಿತ್ರಿ? ಆ ತೂತು ನಾ ನೋಡಿಲ್ಲ. ಖರೇ ಅಂಜಿಕಿ ಬಂತು. ಬಿಟ್ರ ಇಷ್ಟು ವರ್ಷ ಗಿರಾಕಿನ್ನ ಕಾಯಿಸಿದ್ದು, ಬೈಸ್ಕೊಂಡಿದ್ದು ಎಲ್ಲಾ ಒಂದ ಸಪ್ಪಳದಾಗ ಹೋಕ್ಕಿತ್ತು," ಎಂದು ಆ ಗಳಿಗೆಯನ್ನು ನೆನೆಯುತ್ತಾರೆ. ಅವರು ಕೈ ತೆಗೆದರು. ಸಿಲಿಂಡರನ್ನು ಮೂರು ಗಾಲಿಯ ಟಂಟಂ ಗಾಡಿಗೆ ಏರಿಸಿ, ಹಗ್ಗ ಬಿಗಿದು ಧಾರವಾಡಕ್ಕೆ ಹೊರಟೇಬಿಟ್ಟರು.

ಅಲ್ಲಿ ಮೃಣಾಲಿನಿ ಗುರುತು ಹಿಡಿದು, ಕೂಡಿಸಿ, ನೀರು ಕೊಟ್ಟರು. ಸಿಲಿಂಡರಿಗೆ ಗ್ಯಾಸಿನ ಜಾತಿ ಹೇಳುವ ಯಂತ್ರ ಜೋಡಿಸಿದರು. ಪರದೆಯ ಮೇಲೆ ಒಂದು ಹೆಸರು ಬರಬೇಕಿತ್ತು, ಮೂರು ಬಂದವು. ಅವರ ಮುಖ ಸಣ್ಣದಾಯಿತು.

"ಗುರುಪಾದ ಅವರ, ಎಲ್ಲಾ ಗ್ಯಾಸೂ ಇದರಾಗ ಹಾಕೀರೇನು?"

"ಹೂನ್ರಿ. ಹಳೇ ಗ್ಯಾಸ್ ಅಲ್ಲೇನ್ರಿ? ಒಂದ ಕಡೆ ಹಾಕೇನಿ."

ಶಿರಗುಪ್ಪಿಯ ಮನೆಯಲ್ಲಿ ತಾಯಿ ಮುರಿಗೆವ್ವ ಎಮ್ಮೆಗೆಂದು ಹಿತ್ತಲಲ್ಲಿ ಮುಸುರಿ ಬಾನಿ ಇಟ್ಟಿರುತ್ತಿದ್ದರು. ಅಕ್ಕಿ ತೊಳೆದ ನೀರು, ಉಳಿದ ಸಾರು, ಕಾಯಿಪಲ್ಲೆಯ ಸಿಪ್ಪೆ ಎಲ್ಲ ಒಂದೇ ಬಾನಿಗೆ. ಎಮ್ಮೆ ಯಾವುದನ್ನೂ ಬೇಡ ಅನ್ನಲಿಲ್ಲ. ಬೇಡದ ವಸ್ತುವನ್ನು ಕೂಡಿಡುವ ಕ್ರಮವೆಂದರೆ ಗುರುಪಾದರಿಗೆ ಅದೊಂದೇ ಗೊತ್ತು. ಒಂದೊಂದು ಗ್ಯಾಸಿಗೆ ಒಂದೊಂದು ಸಿಲಿಂಡರ್ ಬೇಕು ಎಂದು ಮೃಣಾಲಿನಿ ತರಗತಿಯಲ್ಲಿ ಹೇಳಿದ್ದರು, ಆದರೆ ಮಧ್ಯಾಹ್ನದ ಮೇಲೆ. ಮದುವೆ ಮಂಟಪವೊಂದರಲ್ಲಿ ಐಸ್‌ಕ್ರೀಮಿನ ಪೆಟ್ಟಿಗೆ ಕೆಟ್ಟಿದೆ ಎಂದು ಫೋನ್ ಬಂದು ಗುರುಪಾದ ಊಟಕ್ಕೂ ನಿಲ್ಲದೆ ಓಡಿದ್ದರು.

ಬೆರೆತ ಗ್ಯಾಸನ್ನು ಶುದ್ಧ ಮಾಡಿ ಮತ್ತೆ ಬಳಸುವ ಆಸೆ ಬಿಡಬೇಕು ಎಂದರು ಮೃಣಾಲಿನಿ. ಇನ್ನು ಅದನ್ನು ಸುಡಬೇಕು. ಅದೂ ಸಾದಾ ಬೆಂಕಿಯಲ್ಲಿ ಅಲ್ಲ, ಭಾರಿ ಕಾವಿನ ಬೇರೆಯೇ ಕುಲುಮೆಯಲ್ಲಿ. ಅಂಥದ್ದು ಈ ಕೇಂದ್ರದಲ್ಲಿಲ್ಲ. ಇಲ್ಲಿ ಇಟ್ಟುಕೊಳ್ಳೋಣವೆಂದರೆ ಅವರ ಕೋಣೆಯೂ ಇಂಥವೇ ಸಿಲಿಂಡರುಗಳಿಂದ ತುಂಬಿದೆ.

"ಹಂಗಾರ ನಾ ಮಾಡಿದ್ದು ತಪ್ಪೋ, ಛಲೋನೋ? ಒಂದ್ ಹೇಳಿಬಿಡ್ರಿ ಅಕ್ಕಾರ," ಎಂದು ಗುರುಪಾದ ಕೇಳಿದಾಗ ಅವರ ದನಿ ಬಿದ್ದುಹೋಗಿತ್ತು.

"ಎರಡೂ ಖರೇ ಅದರೀ," ಎಂದರು ಮೃಣಾಲಿನಿ. "ಬೆರಸಿದ್ದು ತಪ್ಪು. ಬಿಡದ ಇದ್ದದ್ದು ಛಲೋ. ಒಪ್ಪಂದ ಹೊಸಾದು ತಯಾರ ಮಾಡೋದನ್ನ ನಿಲ್ಲಿಸ್ತು. ಹಳೇ ಫ್ರಿಜ್ಜಿನ್ಯಾಗ ಉಳದದ್ದನ್ನ ಏನ್ ಮಾಡಬೇಕು ಅನ್ನೋದು ದೊಡ್ಡ ದೊಡ್ಡ ದೇಶದವರಿಗೂ ಇನ್ನೂ ಪೂರಾ ಬಗೀಹರದಿಲ್ಲ. ಯಾರು ಒಯ್ತಾರ, ಎಲ್ಲೆ ಸುಡ್ತಾರ, ನಾ ಕೇಳಿ ತಿಳಸ್ತೀನಿ. ಇವತ್ತ ನನ್ನ ಕಡೆ ಉತ್ತರ ಇಲ್ಲ."

ಓದಿದವರೂ ಉತ್ತರ ಇಲ್ಲ ಎನ್ನಬಹುದು ಎಂಬುದು ಗುರುಪಾದರಿಗೆ ಹೊಸ ಸಂಗತಿ. ಸಮಾಧಾನವೂ ಆಯಿತು, ಭಯವೂ ಆಯಿತು. ಅವರು ಕೊನೆಗೆ ಒಂದೇ ಪ್ರಶ್ನೆ ಕೇಳಿದರು: ಆ ತೂತು ಮುಚ್ಚುತ್ತಿದೆಯೋ ಇಲ್ಲವೋ? ಮುಚ್ಚುತ್ತಿದೆ ಎಂದರು ಮೃಣಾಲಿನಿ. ಬಹಳ ಸಾವಕಾಶ. ದೇಶಗಳು ಮಾತಿಗೆ ತಪ್ಪದಿದ್ದರೆ, ದಕ್ಷಿಣ ಧ್ರುವದ ಮೇಲಿನದು ಮೊದಲಿನಂತಾಗಲು ಇನ್ನೂ ಸುಮಾರು ನಲವತ್ತು ವರ್ಷ ಬೇಕು.

ಟಂಟಂ ಗಾಡಿ ಸಿಲಿಂಡರನ್ನು ಹೊತ್ತು ವಾಪಸು ಹುಬ್ಬಳ್ಳಿಗೆ ಬಂತು.

ಹೊಸ ಅಂಗಡಿಯ ಒಂದೇ ಮೂಲೆಯಲ್ಲಿ ಈಗ ಅದೇ ನಿಂತಿದೆ. ಮೊದಲ ದಿನ ಶರೀಫಸಾಬರು ಬಂದವರು ತಮ್ಮ ಜಾಗ ನೋಡಿದರು, ಸಿಲಿಂಡರನ್ನು ನೋಡಿದರು, ಸ್ಟೂಲನ್ನು ತಾವೇ ಎತ್ತಿ ಮೆಟ್ಟಿಲ ಹೊರಗೆ ಇಟ್ಟುಕೊಂಡು ಕೂತರು. ಬಿಸಿಲು ಮುಖಕ್ಕೇ ಹೊಡೆಯುತ್ತಿತ್ತು. ಗುರುಪಾದ ಚಹಾದ ಕಪ್ಪನ್ನು ಅಲ್ಲಿಗೇ ಒಯ್ದು ಕೊಟ್ಟರು. ಒಂದು ವಾರ ಹೀಗೇ ನಡೆಯಿತು.

ಆಮೇಲೊಂದು ಮುಂಜಾನೆ ಉಸ್ತಾದರು ಕಪ್ಪನ್ನು ಕೆಳಗಿಟ್ಟು ಹೇಳಿದರು. "ನನ್ನ ಮನ್ಯಾಗ ಹಳೇ ಫ್ರಿಜ್ಜು ಸತ್ತ ಬಿದ್ದೈತಿ. ಗುಜರಿಯವ ಇವತ್ತ ಬರತೇನಿ ಅಂದಾನ. ಅವ ಬಂದ್ರ ಪೈಪ್ ಮುರದ ಒಯ್ತಾನ. ಅದರಾಗ ಮೊದಲಿನ ಗ್ಯಾಸ್ ಐತಿ ನೋಡು, ಆಕಾಶ ತಿನ್ನೂದು. ಅದಕ್ಕ ಯಾವ ಡಬ್ಬಿ ತರತಿ?"

ಗುರುಪಾದ ಹೊಸ ಖಾಲಿ ಸಿಲಿಂಡರ್ ಒಂದನ್ನು ತೆಗೆದುಕೊಂಡರು. ಇಂಥ ಮೂರು ಸಣ್ಣ ಸಿಲಿಂಡರುಗಳು ಈಗ ಗೂಟಕ್ಕೆ ನೇತಾಡುತ್ತವೆ, ಮೂರಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿದೆ. ಉಸ್ತಾದರ ಮನೆಯಲ್ಲಿ ಯಂತ್ರ ಗುರ್ ಎನ್ನುವಾಗ, ಸಪ್ಪಳ ಕೇಳಿಯೇ ಲೆಕ್ಕ ಹೇಳುತ್ತಿದ್ದ ಆ ಮನುಷ್ಯ ಪೈಪಿಗೆ ಕಿವಿ ಹಚ್ಚಿ ಕೂತಿದ್ದರಂತೆ. ಗ್ಯಾಸು ಹೊರಬೀಳುವ ಸಪ್ಪಳ ಒಂದಿಷ್ಟೂ ಕೇಳಿಸಲಿಲ್ಲ ಎಂದು ತಲೆಯಾಡಿಸಿದರಂತೆ.

ಇತ್ತ ವೃಂದಾ ಅವರ ಫ್ರಿಜ್ಜು ಚಾಲೂ ಆಗಿದೆ. ಹಾಲು ಒಡೆದಿಲ್ಲ, ವೃಂದಾ ಅವರ ಸಿಟ್ಟು ಇಳಿದಿದೆ. ಗುರುಪಾದ ಗೋಣಿಚೀಲ ಸುತ್ತುತ್ತಾ ತಮ್ಮ ಒಂದೇ ಆಸೆ ಹೇಳುತ್ತಾರೆ. ದೊಡ್ಡ ಸಿಲಿಂಡರಿನ ಬಗ್ಗೆ ಧಾರವಾಡದಿಂದ ಇನ್ನೂ ಫೋನ್ ಬಂದಿಲ್ಲ. ಅದು ಬಂದರೆ ಸಂತೋಷ, ಆದರೆ ಅವರ ಆಸೆ ಇನ್ನೊಂದು ಫೋನಿನದು.

"ಆ ತೂತು ಮುಚ್ಚಿದ ದಿವಸ ಯಾರರೆ ಒಬ್ಬರು ನನ್ನ ಅಂಗಡಿಗೆ ಫೋನ್ ಮಾಡಿ ಹೇಳಬೇಕ್ರಿ. ಅಲ್ಲೀತನಕ ನಾ ಇರಂಗಿಲ್ಲ, ಅಂಗಡಿ ನಂಬರ್ ಯಾರರೆ ಇಟ್ಕೊಂಡಿರತಾರ. ಯಾವ ಗ್ಯಾಸ್ ಛಲೋ, ಯಾವುದು ಕೆಟ್ಟ ನನಗ ಇನ್ನೂ ತಿಳಿವಲ್ದು. ಆದ್ರ ಮಾತು ಕೊಟ್ಟ ಮ್ಯಾಲೆ ನನ್ನ ಕೈಯಾಗಿಂದು ಒಂದು ಫುಸ್ ಸೈತ ಆ ತೂತಿಗೆ ಹೋಗಿಲ್ರಿ. ಎಲ್ಲಾ ಆ ಮೆಟ್ಟಲ ಕೆಳಗ ಐತಿ, ಬಂದು ನೋಡಬಹುದು."