ರಸ್ತೆ ದಾಟುವವರ ಅಧ್ಯಾಯ

ಮೊನ್ನೆ ನಮ್ಮ ಬೀದಿಗೆ ಹೊಸದಾಗಿ ಡಾಂಬರು ಹಾಕಿದರು. ಕಿಟಕಿಗಳನ್ನೆಲ್ಲ ಮುಚ್ಚಿದರೂ ವಾಸನೆ ಅಡುಗೆಮನೆಯವರೆಗೆ ಬಂತು. ಮನೆಯವರು ಮೂಗಿಗೆ ಬಟ್ಟೆ ಹಿಡಿದು ಓಡಾಡುತ್ತಿದ್ದರೆ ನಾನೊಬ್ಬಳು ಗೇಟಿನ ಹತ್ತಿರ ನಿಂತು ಅದನ್ನು ಸುಖವಾಗಿ ಎಳೆದುಕೊಳ್ಳುತ್ತಿದ್ದೆ ಎಂದರೆ ನೀವು ನಗುತ್ತೀರಿ. ಹರೆಯದ ದಿನಗಳು ಒಬ್ಬೊಬ್ಬರಿಗೆ ಒಂದೊಂದು ವಾಸನೆಯಲ್ಲಿ ಮರಳಿ ಬರುತ್ತವೆ. ಕೆಲವರಿಗೆ ಮಲ್ಲಿಗೆ, ಕೆಲವರಿಗೆ ಕಾಲೇಜಿನ ಪ್ರಯೋಗಶಾಲೆ. ನನಗೆ ಡಾಂಬರು. ಏಕೆಂದರೆ ಒಂದು ಹೆದ್ದಾರಿಯನ್ನು ಅಗಲ ಮಾಡಿದರೆ ಸುತ್ತಮುತ್ತ ಏನೇನಾದೀತು ಎಂದು ನೋಡಿ ಬರೆಯುವುದೇ ನನಗೆ ಸಿಕ್ಕಿದ ಮೊದಲ ಕೆಲಸವಾಗಿತ್ತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಆರ್.ಟಿ. ನಗರದ ನಮ್ಮ ಮನೆಯಲ್ಲಿ ಕೂತು ಅಪ್ಪನ ಅಸಮಾಧಾನಕ್ಕೂ ಅಮ್ಮನ ವರಾನ್ವೇಷಣೆಗೂ ಏಕಕಾಲದಲ್ಲಿ ಗುರಿಯಾಗಿದ್ದೆ. ಆಗ ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ರಸ್ತೆಯನ್ನು ಅಗಲಿಸುವ ಮಾತು ನಡೆದಿತ್ತು. ಎರಡು ಲಾರಿ ಎದುರಾದರೆ ಒಂದು ಮಣ್ಣಿಗೆ ಇಳಿಯಬೇಕು, ಅಷ್ಟು ಕಿರಿದು ಆ ರಸ್ತೆ. ಅಗಲಿಸುವ ಮೊದಲು ಪರಿಸರದ ಮೇಲೆ ಏನು ಪರಿಣಾಮವಾಗುತ್ತದೆ ಎಂದು ವರದಿ ಬೇಕು ಅಂತ ಮೇಲಿನವರು ಯಾರೋ ಹೇಳಿದ್ದರು. ಇಂಥ ವರದಿ ಆಗ ಎಷ್ಟು ಹೊಸದೆಂದರೆ, ಅದನ್ನು ಹೇಗೆ ಬರೆಯಬೇಕೆಂದು ಬರೆಯುವ ನಮಗೂ ಗೊತ್ತಿರಲಿಲ್ಲ, ಓದಬೇಕಾದವರಿಗೂ ಗೊತ್ತಿರಲಿಲ್ಲ. ಆ ಮಟ್ಟಿಗೆ ಇಬ್ಬರೂ ಸಮಾನರು.

ನಮ್ಮ ಮುಖ್ಯಸ್ಥರು ದೇಸಾಯರು. ಧಾರವಾಡದ ಕಡೆಯವರು, ನಿವೃತ್ತ ಎಂಜಿನಿಯರು, ಯಶವಂತಪುರದಲ್ಲಿ ಮನೆ ಮಾಡಿಕೊಂಡಿದ್ದರು. ಜೀವಮಾನವೆಲ್ಲ ರಸ್ತೆ ಮಾಡಿಸಿ, ಕೊನೆಗಾಲದಲ್ಲಿ ರಸ್ತೆಯಿಂದ ಏನು ಕೆಡುತ್ತದೆ ಎಂದು ಹುಡುಕುವ ಕೆಲಸ ಒಪ್ಪಿಕೊಂಡಿದ್ದರು. ಯಾಕೆ ಸರ್ ಎಂದು ಒಮ್ಮೆ ಕೇಳಿದ್ದಕ್ಕೆ, "ರಿಟಾಯರ್ ಆದಮ್ಯಾಲೆ ಮನ್ಯಾಗ ಕೂತ್ರ ನಮ್ಮಾಕಿ ನನ್ನ ಪರಿಣಾಮದ ವರದಿ ಬರೀತಿದ್ಲು ತಂಗೀ" ಎಂದಿದ್ದರು. ಬಿಸಿಲಿರಲಿ ಇಲ್ಲದಿರಲಿ ಕೈಯಲ್ಲೊಂದು ಕರೀ ಛತ್ರಿ. ಮಧ್ಯಾಹ್ನ ಬುತ್ತಿಯ ಜೊತೆ ಮಜ್ಜಿಗೆ ಇಲ್ಲದಿದ್ದರೆ ಪರಿಸರದ ಬಗ್ಗೆ ಅವರಿಗೆ ಯಾವ ಆಸಕ್ತಿಯೂ ಉಳಿಯುತ್ತಿರಲಿಲ್ಲ.

ವರದಿಯಲ್ಲಿ ಮೂರು ಅಧ್ಯಾಯ ಎಂದು ಅವರು ಮೊದಲೇ ನಿಶ್ಚಯಿಸಿದ್ದರು. ಮರ, ನೀರು, ಧೂಳು. ಮರ ನನ್ನ ಪಾಲು. ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ, ಕ್ಯಾನ್ವಾಸ್ ಶೂ ಹಾಕಿಕೊಂಡು, ಒಂದು ಡಬ್ಬಿ ಬಿಳಿ ಬಣ್ಣ ಹಿಡಿದು ಸಾಲುಮರಗಳಿಗೆ ನಂಬರು ಬರೆಯುತ್ತ ಹೋಗುತ್ತಿದ್ದೆ. ಹುಣಸೆ, ಹೊಂಗೆ, ಬೇವು, ನಡುನಡುವೆ ಆಲದ ಜಾತಿಯ ದೊಡ್ಡ ಗೋಣಿಮರ. ಪ್ರತಿಯೊಂದರ ಲ್ಯಾಟಿನ್ ಹೆಸರನ್ನು ನಾನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದುದು ಶಾಸ್ತ್ರಕ್ಕಲ್ಲ, ಬಸ್ಸಿಗೆ ಕಾಯುತ್ತಿದ್ದವರು ಕೇಳಲಿ ಅಂತ. ಧೂಳು ಎಷ್ಟು ಬೀಳುತ್ತದೆ ಎಂದು ಅಳೆಯಲು ಕೆಲವು ಮನೆಗಳ ಮಾಳಿಗೆಯ ಮೇಲೆ ಅಗಲ ಬಾಯಿಯ ಜಾಡಿಗಳಲ್ಲಿ ನೀರು ತುಂಬಿ ಇಟ್ಟಿದ್ದೆವು. ಒಂದರಲ್ಲಿ ಕಾಗೆಗಳು ಸ್ನಾನ ಮಾಡಿದವು. ಇನ್ನೊಂದನ್ನು ಮನೆಯಾಕೆ ತೊಳೆದು ಉಪ್ಪಿನಕಾಯಿ ತುಂಬಿದಳು. ಉಳಿದವುಗಳಿಂದ ವಿಜ್ಞಾನಕ್ಕೆ ಏನು ದಕ್ಕಿತೋ ಅಷ್ಟೇ.

ಬ್ಯಾಟರಾಯನಪುರದ ಹತ್ತಿರ ಊರಿನ ಮನೆಗಳು ರಸ್ತೆಯ ಎರಡೂ ಬದಿಗೆ ಇದ್ದವು. ಅಲ್ಲೊಂದು ದಿನ ಗೋಣಿಮರಕ್ಕೆ ಬಣ್ಣ ಬಳಿಯುತ್ತಿದ್ದಾಗ ಹಿಂದಿನ ಮನೆಯ ಜಗಲಿಯಿಂದ ಒಬ್ಬ ಹೆಂಗಸು ಕೂಗಿದಳು.

"ಮೇಡಮ್ಮೋರೇ, ನಂಬರ್ ಆಕ್ತಿರೋದು ಕಡ್ಯಾಕಾ, ಉಳ್ಸಾಕಾ?"

ಎರಡಕ್ಕೂ ಅಲ್ಲ, ಸುಮ್ಮನೆ ತಿಳಿದುಕೊಳ್ಳೋದಕ್ಕೆ ಎಂದೆ.

"ತಿಳ್ಕೊಳಾಕೆ ನಂಬರ್ ಯಾಕೆ? ಅದು ಗೋಣಿಮರ. ಬನ್ನಿ, ನೀರು ಕುಡ್ಕೊಂಡು ಓಗಿ."

ಆಕೆ ನಂಜಮ್ಮ. ಐವತ್ತು ದಾಟಿದ್ದಿರಬೇಕು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ; ರಸ್ತೆಗೆ ಹೊಂದಿಕೊಂಡಂತೆ ದ್ರಾಕ್ಷಿ ತೋಟವಿತ್ತು. ನಾನು ನೀರು ಕುಡಿಯುತ್ತ ಕೂತಿರುವಾಗಲೇ ಆಕೆ ಒಂದು ಬಟ್ಟಲಿಗೆ ಸಾರು ಬಗ್ಗಿಸಿಕೊಂಡು, ಸೆರಗು ಮುಚ್ಚಿ, ರಸ್ತೆ ದಾಟಿ ಎದುರು ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಅದೇ ಬಟ್ಟಲಲ್ಲಿ ಇನ್ನೇನೋ ತುಂಬಿಕೊಂಡು ಬಂದಳು. ಎದುರು ಮನೆ ಯಾರದು ಎಂದು ಕೇಳಿದೆ.

"ನಮ್ಮಕ್ಕ ಪುಟ್ಟಮ್ಮನ್ದು. ಇಬ್ರುನ್ನೂ ಒಂದೇ ಊರ್ಗೆ ಕೊಟ್ಬುಟ್ರು ನಮ್ಮಪ್ಪ. ಅವ್ಳ ಮಗ ಸೊಸೆ ಎಲ್ಲಾ ಅವ್ರೆ. ಆದ್ರೂ ನನ್ ಕೈ ಸಾರೇ ಆಗ್ಬೇಕು ಅವ್ಳ್ಗೆ."

"ಒಳ್ಳೆ ಅಕ್ಕತಂಗೀರು" ಎಂದೆ.

"ಯಾವ್ ಒಳ್ಳೇದು? ಮಾತಾಡಿ ಒಂದ್ ತಿಂಗ್ಳಾಯ್ತು."

ಮಾತಿಲ್ಲದೆ ಸಾರು ಹೇಗೆ ಹೋಗುತ್ತದೆ ಎಂದು ನಾನು ಬೆರಗಾದೆ. ಕೋಳಿಯ ವಿಷಯಕ್ಕೆ ಜಗಳವಂತೆ. ಬಾಗಿಲಲ್ಲಿ ಬಟ್ಟಲಿಟ್ಟು ಕೆಮ್ಮಿದರೆ ಅಕ್ಕ ತೆಗೆದುಕೊಳ್ಳುತ್ತಾಳೆ. ಅಕ್ಕ ಬಟ್ಟಲನ್ನು ಖಾಲಿ ಹಿಂದಿರುಗಿಸುವುದಿಲ್ಲ. ಮಾತು ಬಿಟ್ಟರೂ ಅದೊಂದನ್ನು ಇಬ್ಬರೂ ಬಿಟ್ಟಿರಲಿಲ್ಲ. ರಸ್ತೆ ಅಗಲವಾಗುವ ಸುದ್ದಿ ಆಕೆಗೆ ಗೊತ್ತಿತ್ತು. ತೋಟದ ಅಂಚು ಹೋಗುತ್ತದೆಂದೂ ಗೊತ್ತಿತ್ತು. ಆದರೆ ಆಕೆ ಕೇಳಿದ್ದು ಬೇರೆಯೇ. "ಅಷ್ಟಗ್ಲ ಮಾಡುದ್ರೆ ನಮ್ಮಕ್ಕ ಎಂಗೆ ದಾಟ್ತಾಳೆ? ಅವ್ಳ್ಗೆ ಮಂಡಿನೋವು. ಮರಕ್ಕೆ ನಂಬರ್ ಆಕಿದ್ರಲ್ಲ, ನಮ್ಗೂ ಒಂದೊಂದ್ ಆಕ್ಕೊಂಡ್ ಓಗಿ, ಗ್ಯಾಪಕ ಇರ್ತದೆ."

ಅದನ್ನು ದೇಸಾಯರಿಗೆ ಹೇಳಿದೆ. ಅವರು ಮಜ್ಜಿಗೆ ಕುಡಿದು ಮುಗಿಸಿದರು. ಆಮೇಲೆ, "ತಂಗೀ, ನಾವು ಬರಿಯೂದು ಪರಿಸರದ ಬಗ್ಗೆ. ಅಕ್ಕತಂಗೇರ ಸಾರಿನ ಬಗ್ಗೆ ಅಲ್ಲ" ಎಂದರು.

"ಮನುಷ್ಯರು ಪರಿಸರದಲ್ಲಿ ಬರೋದಿಲ್ವಾ ಸರ್?"

"ಬರ್ತಾರ. ಆದ್ರ ಅವರು ಓಟು ಹಾಕ್ತಾರ, ಅರ್ಜಿ ಬರೀತಾರ. ಮರ ಬರೀತಾವೇನು? ಅದಕ್ಕ ನಾವು ಮರದ ಪರವಾಗಿ ಬರಿಬೇಕು."

ಮಾತು ಸರಿಯೇ ಇತ್ತು. ವಾದ ಅಲ್ಲಿಗೆ ನಿಂತಿತು. ಆದರೆ ದೇಸಾಯರ ಸ್ವಭಾವ ಹೇಗೆಂದರೆ, ನಿಮ್ಮ ಮಾತನ್ನು ನಿಮ್ಮೆದುರು ತಳ್ಳಿಹಾಕಿ ಮನೆಗೆ ಮಾತ್ರ ಜೊತೆಯಲ್ಲೇ ಒಯ್ಯುವವರು. ಮುಂದಿನ ವಾರ ಮೋರಿ ನೋಡುವ ನೆಪ ಹೇಳಿ ನನ್ನನ್ನು ಅಲ್ಲಿಗೇ ಕರೆದುಕೊಂಡು ಹೋದರು. ಮಳೆನೀರು ಹೊಲಗಳಿಂದ ಕೆರೆಯ ಕಡೆಗೆ ಹರಿಯಲು ರಸ್ತೆಯ ಕೆಳಗೆ ಅಲ್ಲೊಂದು ಹಳೆಯ ಕಲ್ಲಿನ ಮೋರಿ ಇತ್ತು, ನಂಜಮ್ಮನ ಮನೆಯಿಂದ ಕೂಗಳತೆಯಲ್ಲಿ. ಮೋರಿ ನೋಡಿದ್ದಾಯಿತು. ಆಮೇಲೆ ಅವರು ಗೋಣಿಮರದ ಬೇರಿನ ಮೇಲೆ ಕೂತರು. ಕೂತವರು ಏಳಲೇ ಇಲ್ಲ.

ನೀವು ಯಾವತ್ತಾದರೂ ಒಂದು ರಸ್ತೆಯನ್ನು ಅಡ್ಡಡ್ಡ ನೋಡಿದ್ದೀರಾ? ನಾವೆಲ್ಲ ರಸ್ತೆಯನ್ನು ಉದ್ದಕ್ಕೇ ನೋಡುವವರು, ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ. ಆ ದಿನ ನಾವಿಬ್ಬರೂ ಅಡ್ಡಡ್ಡ ನೋಡಿದೆವು. ಹಾಲಿನ ಕ್ಯಾನು ದಾಟಿತು. ಎಮ್ಮೆಗಳು ದಾಟಿದವು, ಆರಾಮವಾಗಿ, ಜಾಗ ತಮ್ಮದೇ ಎಂಬಂತೆ. ಹಿಟ್ಟಿನ ಗಿರಣಿಗೆ ರಾಗಿ ದಾಟಿತು, ಅದೇ ರಾಗಿ ಹಿಟ್ಟಾಗಿ ಹಿಂದಿರುಗಿತು. ಬೆಂಕಿ ಕಡ ಕೇಳಲು ಒಬ್ಬಳು ಆ ಕಡೆಯಿಂದ ಬಂದಳು. ದೇಸಾಯರು ಏನೂ ಬರೆದುಕೊಳ್ಳಲಿಲ್ಲ. ಛತ್ರಿಯ ತುದಿಯಿಂದ ಮಣ್ಣಿನಲ್ಲಿ ಒಂದೊಂದು ಗೀಟು ಎಳೆಯುತ್ತಿದ್ದರು. ಗಾಳಿಗೆ ಅವು ಅಳಿಸಿಹೋಗುತ್ತಿದ್ದವು.

ಮಧ್ಯಾಹ್ನದ ಹೊತ್ತಿಗೆ ಪುಟ್ಟಮ್ಮ ಹೊರಟಳು. ತಂಗಿಗಿಂತ ದಪ್ಪ, ಬಿಳಿ ಕೂದಲು, ಒಂದು ಕೈ ಮಂಡಿಯ ಮೇಲೆ. ಅರ್ಧ ರಸ್ತೆಗೆ ಬಂದಾಗ ಮಂಡಿ ಹಿಡಿದುಕೊಂಡು ನಿಂತೇಬಿಟ್ಟಳು. ಯಲಹಂಕದ ಕಡೆಯಿಂದ ಲಾರಿಯೊಂದು ಬರುತ್ತಿತ್ತು. ದೇಸಾಯರು ಎದ್ದರು. ಅಷ್ಟು ವಯಸ್ಸಾದವರು ಅಷ್ಟು ಬೇಗ ಏಳುವುದನ್ನು ನಾನು ನೋಡಿರಲಿಲ್ಲ. ಛತ್ರಿ ಬಿಚ್ಚಿ ತಲೆಯ ಮೇಲೆತ್ತಿ ಹಿಡಿದು, "ಏ ನಿಲ್ಲಿಸೋ! ನಿಲ್ಲಿಸೋ!" ಎನ್ನುತ್ತ ರಸ್ತೆಯ ನಡುವೆ ಹೋಗಿ ಪುಟ್ಟಮ್ಮನ ಮುಂದೆ ನಿಂತರು. ಲಾರಿ ಗುಂಡಿಗಳಲ್ಲಿ ಕುಣಿಯುತ್ತ ಬಂದು, ಕಿರುಚಿ, ನಿಂತಿತು.

ಡ್ರೈವರ್ ಕತ್ತು ಹೊರಗೆ ಹಾಕಿ, "ಏನಜ್ಜೀ, ರೋಡು ನಿಮ್ಮಪ್ಪಂದಾ?" ಎಂದ.

"ನಮ್ಮಪ್ಪಂದಲ್ಲ ಕಣೋ, ನಮ್ಮಾವಂದು! ನಮ್ ಒಲ ಇದು, ಕಿತ್ಕೊಂಡ್ ರೋಡ್ ಮಾಡವ್ರೆ. ತಡಿ, ಓಯ್ತೀನಿ" ಎಂದಳು ಪುಟ್ಟಮ್ಮ. ಅಷ್ಟರಲ್ಲಿ ಈ ಕಡೆಯಿಂದ ನಂಜಮ್ಮ ಓಡಿಬಂದು ಅಕ್ಕನ ರಟ್ಟೆ ಹಿಡಿದಳು. ಒಂದು ತಿಂಗಳ ಮೌನ ಮುರಿದು ಆಕೆ ಆಡಿದ ಮೊದಲ ಮಾತು, "ನಿಂಗೇನ್ ಕಣ್ ಓಗೈತಾ?" ಎಂಬುದು.

ದೇಸಾಯರು ಮರದ ಕೆಳಗೆ ಬಂದು ಕೂತರು. ಛತ್ರಿ ಮಡಿಸುತ್ತ ಹೇಳಿದರು. "ಲಾರಿ ಯಾಕ್ ನಿಂತಿತು ಗೊತ್ತಾತೇನು? ನನ್ನ ಛತ್ರಿ ನೋಡಿ ಅಲ್ಲ. ರಸ್ತೆ ಕೆಟ್ಟದ, ಅದಕ್ಕ ಅಂವ ಸಾವಕಾಶ ಬರ್ತಿದ್ದ, ಅದಕ್ಕ ನಿಂತ. ನಾಳೆ ನಾವು ಛಲೋ ರಸ್ತೆ ಮಾಡಿಕೊಟ್ವಿ ಅಂದ್ರ ಯಾವನೂ ನಿಂದ್ರೂದಿಲ್ಲ." ರಸ್ತೆಯ ಕಡೆ ಛತ್ರಿ ಚಾಚಿ, "ಇಷ್ಟು ರಸ್ತೆ ಮಾಡಿಸೇನಿ. ಒಂದರಾಗೂ ಹಿಂಗ ಬದೀಗೆ ಕೂತು ನೋಡಿರ್ಲಿಲ್ಲ" ಎಂದರು.

ಹೀಗೆ ವರದಿಯಲ್ಲಿ ನಾಲ್ಕನೆಯ ಅಧ್ಯಾಯ ಬಂತು: ರಸ್ತೆ ದಾಟುವವರು. ಅದನ್ನು ನಾನೇ ಬರೆದೆ. ಮೊದಲ ಕರಡಿನಲ್ಲಿ ಅಕ್ಕತಂಗಿಯರ ಮಮತೆಯ ಬಗ್ಗೆ ಒಂದು ಪುಟ ತುಂಬಿಸಿದ್ದೆ. ದೇಸಾಯರು ಅದನ್ನು ಪೂರ್ತಿ ಹೊಡೆದು ಹಾಕಿ, "ಮಮತಾ ನೋಡಿ ಯಾರೂ ಸಿಮೆಂಟು ಕೊಡೂದಿಲ್ಲ" ಎಂದರು. ಮೋರಿಯನ್ನು ಹೇಗೂ ಹೊಸದಾಗಿ ಕಟ್ಟಬೇಕು. ಅದರ ಪಕ್ಕದಲ್ಲೇ ರಸ್ತೆಯ ಕೆಳಗೆ ಜನ, ದನ ನಡೆದುಹೋಗುವಷ್ಟು ಎತ್ತರದ ಇನ್ನೊಂದು ಕಿಂಡಿ ಬಿಡಿ, ಅದರ ನೆಲ ನೀರಿಗಿಂತ ಮೇಲಿರಲಿ. ಇದಿಷ್ಟೇ ನಮ್ಮ ಕೋರಿಕೆ.

ಸಭೆಯಲ್ಲಿ ಅಧಿಕಾರಿಯೊಬ್ಬರು ನಕ್ಕರು. "ಏನ್ರೀ ಇದು, ಅಜ್ಜಿ ದಾಟೋಕೆ ಹೈವೇ ಎತ್ತರಿಸ್ಬೇಕಾ?" ದೇಸಾಯರು ನಗಲಿಲ್ಲ. "ನೀರಿಗೆ ದಾರಿ ಬಿಡ್ತೀರಿ ಸಾಹೇಬ್ರ, ಇಲ್ಲಂದ್ರ ರಸ್ತೆ ಕೊಚ್ಚಿ ಹೋಗ್ತದ ಅಂತ ಅಂಜಿಕಿ. ಮಂದಿಗೆ ದಾರಿ ಬಿಡ್ಲಿಲ್ಲಂದ್ರ ಏನೂ ಕೊಚ್ಚಿ ಹೋಗೂದಿಲ್ಲ, ಅದಕ್ಕ ಯಾರಿಗೂ ಅಂಜಿಕಿಲ್ಲ. ಅಷ್ಟ ವ್ಯತ್ಯಾಸ" ಎಂದರು. ಅಧಿಕಾರಿಗಳು ಒಳ್ಳೆಯ ಮನುಷ್ಯರೇ. ಸ್ವಲ್ಪ ಹೊತ್ತು ಪೆನ್ನು ತಿರುಗಿಸಿ, ಕಿಂಡಿಗೆ ಒಪ್ಪಿದರು. ಮರಗಳ ಮಾತು ಬರುವಷ್ಟರಲ್ಲಿ ಸಭೆಯ ಸಮಯ ಮುಗಿದಿತ್ತು.

ಮರಗಳು ಹೋದವು. ನನ್ನ ಬಿಳಿ ನಂಬರುಗಳೊಂದಿಗೇ ಬಿದ್ದವು. ಗುತ್ತಿಗೆದಾರರ ಕಡೆಯವರಿಗೆ ಲೆಕ್ಕಕ್ಕೆ ಅವು ಅನುಕೂಲವಾದವೆಂದು ಆಮೇಲೆ ತಿಳಿಯಿತು. ಗೋಣಿಮರ ಬಿದ್ದ ದಿನ ನಾನು ಅಲ್ಲಿದ್ದೆ. ಅಳು ಬರುತ್ತದೆಂದುಕೊಂಡಿದ್ದೆ, ಬರಲಿಲ್ಲ. ಅಷ್ಟು ಬೆಳಕು ಒಮ್ಮೆಲೇ ಆ ಜಗಲಿಯ ಮೇಲೆ ಬಿದ್ದದ್ದು ನೋಡಿ ಕಣ್ಣು ಕಿರಿದು ಮಾಡಿದೆ, ಅಷ್ಟೇ. ನಂಜಮ್ಮ ಕೊಂಬೆಗಳನ್ನು ಎಳೆದು ಹಿತ್ತಿಲಿಗೆ ಹಾಕಿಕೊಳ್ಳುತ್ತಿದ್ದಳು. "ಮಳೆಗಾಲಕ್ಕೆ ಸೌದೆ ಆಯ್ತು" ಎಂದಳು.

ಆಮೇಲೆ ನನಗೆ ಮದುವೆಯಾಯಿತು, ಕಾಲೇಜಿನಲ್ಲಿ ಕೆಲಸವಾಯಿತು. ಕೆಲವು ವರ್ಷಗಳ ಮೇಲೆ ಯಲಹಂಕದಲ್ಲಿ ಯಾರದೋ ಮದುವೆ ಮುಗಿಸಿ ಬರುವಾಗ ಬ್ಯಾಟರಾಯನಪುರದಲ್ಲಿ ಬಸ್ ಇಳಿದೆ. ರಸ್ತೆ ಅಗಲವಾಗಿ, ಕಪ್ಪಗೆ, ನೋಡಲು ಚೆಂದವಾಗಿಯೇ ಇತ್ತು. ಮೊದಲು ಕಿಂಡಿ ನೋಡಲು ಹೋದೆ. ಕಟ್ಟಿದ್ದರು, ಆದರೆ ನೆಲ ಎತ್ತರಿಸಿರಲಿಲ್ಲ. ಮಳೆಯ ನೀರು ಮೊಣಕಾಲುದ್ದ ನಿಂತಿತ್ತು. ಅದರೊಳಗೆ ಎಮ್ಮೆಯೊಂದು ಮಲಗಿ, ನಮ್ಮ ನಾಲ್ಕನೆಯ ಅಧ್ಯಾಯದ ಸಂಪೂರ್ಣ ಸುಖವನ್ನು ಒಂಟಿಯಾಗಿ ಅನುಭವಿಸುತ್ತಿತ್ತು.

ನಂಜಮ್ಮನ ಜಗಲಿಯ ಮೇಲೆ ಇಬ್ಬರು ಕೂತಿದ್ದರು. ಅವರೆಕಾಯಿ ಬಿಡಿಸುತ್ತ ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದರು. ನನ್ನ ಗುರುತು ಹಿಡಿದು ಚಾಪೆ ಹಾಸಿದರು.

"ಅಕ್ಕ ಬಂದಿದ್ದಾರಾ?" ಎಂದೆ.

"ಬಂದಿಲ್ಲ, ಬಂದ್ಬುಟ್ಟವ್ಳೆ" ಎಂದಳು ನಂಜಮ್ಮ. "ಓದ್ ವರ್ಷ, ಪೆಟ್ಗೆ ತಕಂಡು."

ಪುಟ್ಟಮ್ಮ ಕಾಯಿಯಿಂದ ಕಣ್ಣೆತ್ತದೆ ಹೇಳಿದಳು. "ಮೇಲೆ ದಾಟಾಕಾಗಲ್ಲ, ಕೆಳ್ಗೆ ನೀರು. ದಿನಾ ಎದ್ರಿ ಎದ್ರಿ ಸಾಯಾದು ಯಾಕೆ ಅಂತ ಒಂದೇ ಕಿತ ದಾಟ್ಬುಟ್ಟೆ."

"ಮಗ ಏನೂ ಅನ್ಲಿಲ್ವಾ?"

"ಕುಣ್ದ. ಊರೋರ್ ಎದ್ರಿಗೆ ಮರ್ವಾದೆ ಓಯ್ತು ಅಂತ. ನೋಡ್ಬೇಕು ಅನ್ಸುದ್ರೆ ನೀನೇ ದಾಟ್ಕೊಂಡ್ ಬಾ, ನಿನ್ ಕಾಲು ಗಟ್ಟಿಗವೆ ಅಂದೆ."

"ಬರ್ತಾರಾ?"

"ಬತ್ತಾನೆ. ದಿನಾ ಸಂಜೆ ಬಂದು ಇಲ್ಲೇ ಉಂಡ್ಕೊಂಡ್ ಓಯ್ತಾನೆ. ಇವ್ಳ್ ಸಾರು ಅಂದ್ರೆ ಅವ್ನ್ಗೂ ಅಷ್ಟೇ."

ಮುಂದಿನ ಭಾನುವಾರ ಯಶವಂತಪುರಕ್ಕೆ ಹೋಗಿ ದೇಸಾಯರಿಗೆ ಇದನ್ನೆಲ್ಲ ಹೇಳಿದೆ. ಆಗ ಅವರು ಹಾಸಿಗೆ ಹಿಡಿದಿದ್ದರು. ಎಮ್ಮೆಯ ಕಥೆಗೆ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಪುಟ್ಟಮ್ಮನ ಕಥೆ ಕೇಳಿ, "ನಾವು ಕಿಂಡಿ ಕೇಳಿದ್ವಿ. ಆಕಿ ತನ್ನ ಮನೀನ ಎತ್ತಿ ಈ ಕಡೆ ಇಟ್ಕೊಂಡ್ಲು. ಇದನ್ನ ಯಾವ ವರದಿಯೊಳಗ ಹೆಂಗ ಬರೀತಿ ತಂಗೀ?" ಎಂದರು.

ಆ ಹೆದ್ದಾರಿ ಮತ್ತೆ ಮತ್ತೆ ಅಗಲವಾಗಿದೆ. ಮೇಲೊಂದು ರಸ್ತೆ, ಪಕ್ಕಕ್ಕೊಂದು ರಸ್ತೆ. ಆ ಜಗಲಿ ಎಲ್ಲಿತ್ತೆಂದು ಈಗ ನಾನೇ ಹೇಳಲಾರೆ. ಬೇಸರವೇ ಎಂದು ಕೇಳಿದರೆ, ಇಲ್ಲ. ನಾನೂ ಅದೇ ರಸ್ತೆಯಲ್ಲಿ ಕಾರಿನಲ್ಲಿ ಕೂತು ಬೇಗ ಹೋಗಬೇಕೆನ್ನುವವಳು.

ನಿನ್ನೆ ನಮ್ಮ ಬಡಾವಣೆಯ ಸಂಘದಲ್ಲಿ ಸಭೆಯಿತ್ತು. ಮುಂದಿನ ಮುಖ್ಯರಸ್ತೆಯನ್ನೂ ಅಗಲ ಮಾಡುತ್ತಾರಂತೆ. ಯುವ ಎಂಜಿನಿಯರೊಬ್ಬ ನಕ್ಷೆ ಹರಡಿ ವಿವರಿಸಿದ. ಕಾಂಪೌಂಡಿನ ಬಗ್ಗೆ ಕೇಳಿದರು, ಕಾರು ನಿಲ್ಲಿಸುವ ಬಗ್ಗೆ ಕೇಳಿದರು, ಮರಗಳ ಬಗ್ಗೆ ಎಲ್ಲರೂ ನನ್ನ ಮುಖ ನೋಡಿದರು. ನಾನು ಎದ್ದು, "ಇಲ್ಲಿ ಅಡ್ಡಕ್ಕೆ ಓಡಾಡೋರು ಯಾರ್ಯಾರಪ್ಪ?" ಎಂದೆ.

"ಯಾರು ಅಂದ್ರೆ... ಪಬ್ಲಿಕ್, ಮೇಡಂ."

"ಯಾವ ಮನೆಯಿಂದ ಯಾವ ಮನೆಗೆ?"

ಹುಡುಗ ನಕ್ಷೆಯನ್ನು ನೋಡಿದ. ಅದರಲ್ಲಿ ರಸ್ತೆ ಉದ್ದಕ್ಕೆ ಮಾತ್ರ ಇತ್ತು. ಅವನು ಪೆದ್ದನಲ್ಲ, ಒರಟನೂ ಅಲ್ಲ. ನಕ್ಷೆ ಮಡಿಸಿ ಕಂಕುಳಲ್ಲಿಟ್ಟುಕೊಂಡು, "ಗೊತ್ತಿಲ್ಲ ಮೇಡಂ. ಬನ್ನಿ, ಹೋಗಿ ನೋಡೋಣ" ಎಂದ. ಇಬ್ಬರೂ ಹೋಗಿ ರಸ್ತೆಯ ಬದಿಗೆ ನಿಂತೆವು. ತುಂಬ ಹೊತ್ತು ಕಾರುಗಳೇ ಹೋದವು. ಆಮೇಲೆ ಆ ಕಡೆಯ ಮನೆಯೊಂದರ ಗೇಟು ತೆರೆಯಿತು, ಈ ಕಡೆಗೆ ದಾಟಲು ಯಾರೋ ಹೊರಬಂದರು.