ಎಡಗಡೆಯ ಹಿಂದಿನ ಕಮಾನು

ಮಡಿವಾಳದ ಕೆರೆ ಏರಿಯ ಪಕ್ಕದಲ್ಲಿ ಕುಲುಮೆ ಇಟ್ಟಿದ್ದ ಬೋರಣ್ಣನಿಗೆ ಅರವತ್ತು ದಾಟಿತ್ತು. ನಲವತ್ತು ವರ್ಷ ಜಟಕಾಗಳ ಅಡಿಯಲ್ಲಿ ಕುಲುಕು ತಡೆಯುವ ಉಕ್ಕಿನ ಕಮಾನುಪಟ್ಟಿ ಬಡಿದು ಬಡಿದು ಅವನ ಬಲಭುಜ ಎಡಕ್ಕಿಂತ ಒಂದು ಬೆರಳು ಕೆಳಗಿಳಿದಿತ್ತು. ಜೊತೆಗೆ ಸಮ್ಮಟಿ ಹೊಡೆಯುತ್ತಿದ್ದ ಕೊಟ್ರಪ್ಪ ಕಾರ್ಖಾನೆ ಸೇರಿದ ಮೇಲೆ ಬೆಂಕಿಗೆ ಗಾಳಿಯೂದುವ ತಿದಿ ಒತ್ತಲು ಹೆಂಡತಿ ನಾರಾಯಣಮ್ಮ, ಬಡಿಯಲು ತಾನು, ಅಷ್ಟೇ. ಬರುವ ಯುಗಾದಿಗೆ ಬೆಂಕಿ ಆರಿಸಿಬಿಡೋಣ ಎಂದುಕೊಂಡಿದ್ದ.

ಅಂಥ ಹೊತ್ತಿನಲ್ಲಿ, ಅರವತ್ತನಾಲ್ಕನೇ ಇಸವಿಯಲ್ಲಿ, ಜಯನಗರದ ಬದರಿನಾಥ ತನ್ನ ಕಾರು ತಂದು ನಿಲ್ಲಿಸಿದ. ದಂಡಿನ ಸಾಹೇಬನೊಬ್ಬ ಮಾರಿಹೋದ ಎರಡೇ ಸೀಟಿನ ರೇಸ್ ಕಾರು. ನಾಲ್ಕು ಮೂಲೆಗೂ ಕಮಾನುಪಟ್ಟಿ. ಮುಂದಿನ ತಿಂಗಳ ಪಂದ್ಯಕ್ಕೆ ಕಾರು ಎರಡಿಂಚು ತಗ್ಗಬೇಕು, ತಿರುವಿನಲ್ಲಿ ತೂಗಾಡಬಾರದು ಎಂದ. ಗುಜರಿಯಿಂದ ನಾಲ್ಕು ನಾಲ್ಕರ ಎರಡು ಜೊತೆ ಚಕ್ರವನ್ನೂ ತಂದಿದ್ದ. ಒಂದು ಜೊತೆ ಫಳಫಳ ಹೊಳೆಯುವ ಕಡ್ಡಿಚಕ್ರ, ಇನ್ನೊಂದು ಬರೀ ಉಕ್ಕಿನ ತಟ್ಟೆಚಕ್ರ.

ಬೋರಣ್ಣ ಕಡ್ಡಿಗಳನ್ನು ಒಂದೊಂದಾಗಿ ಮೊಳೆಯಿಂದ ತಟ್ಟಿ ಕಿವಿಗೊಟ್ಟ. ಟಿಣ್, ಟಿಣ್, ಟಪ್. ಮತ್ತೆ ಟಪ್.

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ ಅಂದಂಗಾಯ್ತು ಸ್ವಾಮಿ. ಬುಡದಲ್ಲಿ ತುಕ್ಕು ತಿಂದೈತೆ. ತಟ್ಟೆಚಕ್ರಾನೇ ಹಾಕ್ಸಿ."

"ನೋಡೋಕೆ ಚೆನ್ನಾಗಿರಲ್ವಲ್ಲ ಬೋರಣ್ಣ?"

"ತಲೆಕೆಳಗಾದ್ರೆ ಎಲ್ಲಾ ಚಕ್ರಾನೂ ಒಂದೇ ತರ ಕಾಣ್ತವೆ."

ಬದರಿನಾಥ ನಕ್ಕು ಒಪ್ಪಿದ. ಮುದುಕನ ಮೇಲೆ ಅವನಿಗೆ ನಂಬಿಕೆ ಕೂತದ್ದು ಆ ಮಾತಿಗೇ.

ಪಟ್ಟಿಯ ಬಾಗು ತಗ್ಗಿಸಲು ಎರಡು ದಾರಿ. ಕಾಯಿಸಿದರೆ ಬೆಣ್ಣೆಯಂತೆ ಬಗ್ಗುತ್ತದೆ, ಆದರೆ ಉಕ್ಕಿನ ಹದ ಸತ್ತುಹೋಗುತ್ತದೆ. ಕಣ್ಣಿಗೆ ಏನೂ ಕಾಣದು. ಒಂದು ದಿನ ಗುಂಡಿಗೆ ಬಿದ್ದಾಗ ಗಾಡಿ ಆ ಮೂಲೆಗೆ ಕುಸಿಯುತ್ತದೆ. ಇನ್ನೊಂದು ದಾರಿ ತಣ್ಣಗಿನ ಪಟ್ಟಿಯನ್ನೇ ಅಡಿಗಲ್ಲ ಮೇಲಿಟ್ಟು, ಬೆರಳಗಲಕ್ಕೊಂದು ಪೆಟ್ಟಿನಂತೆ ಸಾವಿರ ಪೆಟ್ಟು ಹಾಕುವುದು. ಬೋರಣ್ಣನ ಅಪ್ಪ ಕಲಿಸಿದ್ದು ಇದನ್ನೇ. ಮೂರು ಮೂಲೆಯ ಪಟ್ಟಿಗಳನ್ನು ಹಾಗೇ ಬಡಿದ. ಆರು ದಿನ ಹಿಡಿಯಿತು. ಆರನೆಯ ದಿನ ರಾಗಿಮುದ್ದೆ ಮುರಿಯಲೂ ಬಲಗೈ ಏಳಲಿಲ್ಲ, ಎಡಗೈಯಲ್ಲಿ ಉಂಡ.

ಏಳನೆಯ ದಿನ ನಾರಾಯಣಮ್ಮ ಸಂತೆಗೆ ಹೋಗಿದ್ದಳು. ಉಳಿದದ್ದು ಎಡಗಡೆಯ ಹಿಂದಿನ ಕಮಾನು. ಬೋರಣ್ಣ ಸಮ್ಮಟಿ ನೋಡಿದ, ಬೆಂಕಿ ನೋಡಿದ. ತಾನೇ ತಿದಿ ಒತ್ತಿ ಪಟ್ಟಿ ಕಾಯಿಸಿದ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಜೀವಮಾನದಲ್ಲಿ ಅದೇ ಮೊದಲು.

ಮಾರನೆಯ ಬೆಳಿಗ್ಗೆ ಬದರಿನಾಥನ ಜೊತೆ ಅವನ ತಾಯಿ ಕಾತ್ಯಾಯಿನಮ್ಮನೂ ಬಂದರು. ಕಾರು ಬೆಕ್ಕಿನಂತೆ ನೆಲಕ್ಕೆ ಹೊಂದಿ ಕೂತಿತ್ತು. ನಾರಾಯಣಮ್ಮ ನಿಂಬೆಹಣ್ಣು ಚಕ್ರದಡಿ ಇಟ್ಟು, ಸೆರಗಿನಿಂದ ಎಡಗಡೆಯ ಸೀಟು ಒರೆಸಿದಳು. ಆ ಕುಲುಮೆಯದೊಂದು ಕಟ್ಟಳೆ: ಹೊಸ ಕಮಾನಿನ ಮೊದಲ ಸವಾರಿ ಕಮ್ಮಾರನದು. ತಾನು ಕೂರದ ಗಾಡಿಯಲ್ಲಿ ಇನ್ನೊಬ್ಬರನ್ನು ಕೂರಿಸುವಂತಿಲ್ಲ.

"ಇವತ್ತು ಸೊಂಟ ಹಿಡ್ಕಂಡೈತೆ. ನೀವು ಹೋಗ್ಬನ್ನಿ ಸ್ವಾಮಿ," ಎಂದ ಬೋರಣ್ಣ.

ನಾರಾಯಣಮ್ಮನ ಕೈ ನಿಂತಿತು. "ಜ್ವರದಾಗೂ ಕಂಬಳಿ ಹೊದ್ಕಂಡು ಸವಾರಿ ಕುಂತೋನು ನೀನು. ಇವತ್ತೇನ್ ಬಂತು?"

"ಸುಮ್ಕಿರಮ್ಮಿ."

"ಪಾಪ, ದಣಿದಿದ್ದಾರೆ. ನಾನೇ ಕೂತ್ಕೋತೀನಿ ಬಿಡೋ ಬದರಿ," ಎನ್ನುತ್ತ ಕಾತ್ಯಾಯಿನಮ್ಮ ಸೀರೆ ನಿರಿಗೆ ಹಿಡಿದು ಎಡಗಡೆಯ ಸೀಟಿಗೆ ಇಳಿದರು. ಬದರಿನಾಥ ಎಂಜಿನ್ ಶುರು ಮಾಡಿದ.

ಬೋರಣ್ಣ ಎರಡೂ ಕೈ ಚಾಚಿ ಕಾರಿನ ಮುಂದೆ ಬಂದು ನಿಂತ.

"ಇಳೀರಮ್ಮ. ಇಳೀರಿ. ನಿಮ್ಮ ಕೆಳಗಿರೋ ಪಟ್ಟಿ ಸತ್ತೈತೆ. ನಾನೇ ಕಾಯ್ಸಿ ಸಾಯಿಸ್ದೆ. ಕೈ ಸೋತಿತ್ತು."

ಬದರಿನಾಥ ಕೆಂಪಗಾದ. "ಚಕ್ರದ ಕಡ್ಡಿ ವಿಚಾರಕ್ಕೆ ಅಷ್ಟು ಬುದ್ಧಿ ಹೇಳಿದ್ರಲ್ಲ ನನಗೆ! ಕೈಲಾಗಲ್ಲ ಅನ್ನೋಕೇನಾಗಿತ್ತು?"

"ಅದೊಂದು ಮಾತು ಬಾಯಿಗೆ ಬರ್ನಿಲ್ಲ ಸ್ವಾಮಿ."

ಕಾತ್ಯಾಯಿನಮ್ಮ ಇಳಿದು, ನಾರಾಯಣಮ್ಮ ಕೊಟ್ಟ ನೀರು ಕುಡಿದು, ಮಗನ ಕಡೆ ತಿರುಗಿದರು. "ಈಗ ಬಂತಲ್ಲೋ ಆ ಮಾತು. ನಿನಗೂ ಎರಡು ಕೈ ಇದೆ."

ಗೋಡೆಗೆ ಅದೇ ಅಗಲದ ಹಳೆಯ ಪಟ್ಟಿಗಳು ನೇತಾಡುತ್ತಿದ್ದವು. ಸತ್ತ ಪಟ್ಟಿಯ ಬದಲಿಗೆ ಬೋರಣ್ಣ ಅವನ್ನು ಇಳಿಸಿದ. ಬದರಿನಾಥ ಅಂಗಿ ಬಿಚ್ಚಿ ಸಮ್ಮಟಿ ಹಿಡಿದ. ಮುದುಕ ಸಣ್ಣ ಸುತ್ತಿಗೆಯಲ್ಲಿ ಜಾಗ ತೋರಿಸುವುದು, ಹುಡುಗ ಹೊಡೆಯುವುದು. ಇಪ್ಪತ್ತು ಪೆಟ್ಟಿಗೆ ಬದರಿನಾಥ ನೆಲಕ್ಕೆ ಕೂತ.

"ಇನ್ನೆಷ್ಟು ಬೋರಣ್ಣ?"

"ಇನ್ನೊಂಬೈನೂರ ಎಂಬತ್ತು. ಏಳಿ."

ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಬೋರಣ್ಣ ಒಗೆದ ಪಂಚೆಯುಟ್ಟು ಎಡಗಡೆಯ ಸೀಟಿನಲ್ಲಿ ಕೂತ. ಉತ್ತರಹಳ್ಳಿಯ ಕಲ್ಲುದಾರಿಯವರೆಗೂ ಕಾರು ಓಡಿತು. ಹೋಗುವಾಗ ಪ್ರತಿ ಗುಂಡಿಗೂ ಅವನು ಕಣ್ಣು ಮುಚ್ಚಿ, ಕೆಳಗಿನ ಪಟ್ಟಿ ಒತ್ತಿ ಮೇಲೇಳುವುದನ್ನು ಬೆನ್ನಲ್ಲೇ ಆಲಿಸಿದ. ಬರುವಾಗ ಮುಚ್ಚಿದ ಕಣ್ಣು ತೆರೆಯಲಿಲ್ಲ.

ಕಾರು ಕುಲುಮೆಯ ಮುಂದೆ ಬಂದು ನಿಂತಾಗ ಬೋರಣ್ಣ ತಲೆಯನ್ನು ಕಾರಿನ ಬಾಗಿಲಿಗೆ ಒರಗಿಸಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಬದರಿನಾಥ ಭುಜ ಮುಟ್ಟಲು ಹೋದ.

"ಎಬ್ಬಿಸ್ಬ್ಯಾಡಿ ಸ್ವಾಮಿ," ಎಂದಳು ನಾರಾಯಣಮ್ಮ. "ಬೇಕಾದ್ರೆ ಹಿಂಗೇ ಇನ್ನೊಂದ್ ಸುತ್ತು ಹೋಗ್ಬನ್ನಿ."