ಮೊಣಕಾಲಿಗೆ ಹಾಕಿದ ಸಹಿ

ಹೋದ ಭಾನುವಾರ ಇಲ್ಲಿ ಅಮೆರಿಕದಲ್ಲಿ, ಈಸ್ಟ್ ಬ್ರನ್ಸ್‌ವಿಕ್‌ನ ಪಾರ್ಕಿನಲ್ಲಿ, ನಮ್ಮ ಕನ್ನಡದವರ ಪಿಕ್ನಿಕ್ ಇತ್ತು. ಊಟಕ್ಕೆ ಮೊದಲು ಫುಟ್‌ಬಾಲ್ ಆಡಿ ಬಂದ ಹುಡುಗರು ನನ್ನ ಪಕ್ಕದ ಬೆಂಚಿನಲ್ಲಿ ಕೂತು ಮೊಣಕಾಲಿಗೆ ನೋವಿನೆಣ್ಣೆ ತಿಕ್ಕಿಕೊಳ್ಳತೊಡಗಿದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಎಣ್ಣೆಯ ವಾಸನೆಗೆ ಸಿಟ್ಟಾಗುವ ಮುದುಕನನ್ನು ನೀವು ಕಂಡಿರಲಾರಿರಿ. ನಮ್ಮವರು ಕಂಡು ಕಂಡು ದಣಿದಿದ್ದಾರೆ. "ಅಂಕಲ್ ಶುರು ಮಾಡಿದ್ರಪ್ಪಾ" ಎಂದು ಇಬ್ಬರು ತಟ್ಟೆ ಎತ್ತಿಕೊಂಡು ಜಾಗ ಬದಲಿಸಿದರು. ಹೊಸದಾಗಿ ಓದಲು ಬಂದಿದ್ದ ಒಬ್ಬ ಮಾತ್ರ ಸಿಕ್ಕಿಬಿದ್ದ.

ಅವನಿಗೆ ಜರ್ಸಿ ಸಿಟಿಯ ಒಂದು ಹಳೆಯ ಫುಟ್‌ಬಾಲ್ ಕ್ಲಬ್ಬಿನ ಕತೆ ಹೇಳಿದೆ: ಪರದೇಶದ ಒಬ್ಬ ಸವೆದ ಆಟಗಾರನನ್ನು ಕೊಳ್ಳಲು ಮಕ್ಕಳ ಟೀಮನ್ನೇ ಮುಚ್ಚಿದ ಕತೆ. ಅವನು ಗಮನವಿಟ್ಟು ಕೇಳಿ, "ಅಂಕಲ್, ಕ್ಲಬ್ಬಿಗೆ ಒಬ್ಬ ಡಾಕ್ಟರ್ ಇದ್ದಿರಬೇಕಲ್ಲ? ಅವರು ಕಾಲು ನೋಡಿ ಏನಂದ್ರು?" ಎಂದ. ನಾನು ಮೊಸರನ್ನ ಹಾಕಿಸಿಕೊಳ್ಳುವ ನೆಪದಲ್ಲಿ ಎದ್ದುಬಿಟ್ಟೆ.

ಆ ಡಾಕ್ಟರ್ ನಾನೇ.

ಎಪ್ಪತ್ತರ ದಶಕದ ನಡುವೆ ನಾನು ಜರ್ಸಿ ಸಿಟಿಯ ಒಂದು ಆಸ್ಪತ್ರೆಯಲ್ಲಿ ಎಲುಬಿನ ವಿಭಾಗದ ರೆಸಿಡೆಂಟ್, ಅಂದರೆ ಇನ್ನೂ ತರಬೇತಿಯಲ್ಲಿದ್ದ ಡಾಕ್ಟರ್, ಆಗಿದ್ದೆ. ಒಂದು ಶನಿವಾರ ಬಿಳಿ ಮೀಸೆಯ ಮುದುಕನೊಬ್ಬ ಹನ್ನೆರಡು ವರ್ಷದ ಹುಡುಗನನ್ನು ಹೆಗಲ ಮೇಲೆ ಹೊತ್ತು ತಂದ. ಹುಡುಗನ ಕಾಲು ಉಳುಕಿತ್ತು. ಪಟ್ಟಿ ಸುತ್ತುವಾಗ ಮುದುಕ ಕೇಳಿದ, "ಡಾಕ್ಟರ್, ನೀವು ಫುಟ್‌ಬಾಲ್ ಆಡಿದ್ದೀರಾ?"

"ಮೈಸೂರಿನ ಕಾಲೇಜಿನಲ್ಲಿ ಗೋಲ್‌ಕೀಪರ್ ಆಗಿದ್ದೆ."

"ಅಯ್ಯೋ ಪಾಪ" ಎಂದ ಅವನು, ನಿಜವಾದ ಕನಿಕರದಿಂದ. ನಮ್ಮ ಕಾಲೇಜಿನಲ್ಲಿ ಬೇರೆ ಯಾರೂ ನಿಲ್ಲಲು ಒಪ್ಪದ ಜಾಗಕ್ಕೆ ನನ್ನನ್ನು ನಿಲ್ಲಿಸಿದ್ದರೆಂಬುದು ಅವನಿಗೆ ಹೇಗೆ ತಿಳಿಯಿತೋ!

ಅವನ ಹೆಸರು ಸ್ಟೆಫಾನ್. ಹಂಗೇರಿಯಿಂದ ಬಂದ ದರ್ಜಿ. ಬೇಕರಿಯವರು, ಬಂದರಿನ ಕೂಲಿಯವರು ಸೇರಿ ಕಟ್ಟಿದ್ದ ಸಣ್ಣ ಕ್ಲಬ್ಬೊಂದರಲ್ಲಿ ಮಕ್ಕಳ ಟೀಮಿನ ಕೋಚ್. ಮಕ್ಕಳನ್ನು ಆರಿಸಲು ಅವನು ಬೀದಿ ಮೂಲೆಯಲ್ಲಿ ನಿಂತು, ಹುಡುಗರು ಖಾಲಿ ಡಬ್ಬಿ ಒದೆಯುವುದನ್ನು ನೋಡುತ್ತಿದ್ದ. "ಚೆಂಡನ್ನು ಯಾರು ಬೇಕಾದರೂ ಒದೀತಾರೆ. ಡಬ್ಬಿಯನ್ನು ನೆಟ್ಟಗೆ ಒದೆಯುವವನು ನನಗೆ ಬೇಕು" ಎನ್ನುತ್ತಿದ್ದ. ಪೋರ್ಟೊರಿಕೊದವರು, ಇಟಲಿಯವರು, ಕರಿಯರ ಮಕ್ಕಳು, ಹೀಗೆ ಇಪ್ಪತ್ತು ಜನರನ್ನು ಕೂಡಿಸಿದ್ದ. ಅಂಗಡಿಯಲ್ಲಿ ಉಳಿದ ಬಟ್ಟೆಯಿಂದ ಅವರ ಅಂಗಿಗಳನ್ನು ತಾನೇ ಹೊಲಿದಿದ್ದ. ಪ್ರತಿ ವರ್ಷ ಇಬ್ಬರು ಮಕ್ಕಳನ್ನು ದೊಡ್ಡವರ ಟೀಮಿಗೆ ಏರಿಸಬೇಕೆಂಬುದು ಕ್ಲಬ್ಬಿನ ಹಳೆಯ ಕಟ್ಟಳೆ. ನಾನು ಹೊತ್ತು ತಂದಿದ್ದ ಆ ಹುಡುಗನನ್ನೂ ಸೇರಿಸಿ ಎಲ್ಲರ ಕಾಲಿಗೂ ಶನಿವಾರ ಶನಿವಾರ ಪಟ್ಟಿ ಸುತ್ತಲು ಹೋಗತೊಡಗಿದೆ. ನೋಡಿದಿರಾ, ಹೊತ್ತು ತಂದವನು ಸ್ಟೆಫಾನ್. ಕತೆ ಹೇಳುವಾಗ ನಾನೇ ಹೊತ್ತಂತೆ ಬರೆದುಬಿಟ್ಟೆ. ನನ್ನ ಸ್ವಭಾವವೇ ಹಾಗೆ.

ಅಷ್ಟರಲ್ಲಿ ಅಮೆರಿಕಕ್ಕೆ ಫುಟ್‌ಬಾಲಿನ ಹುಚ್ಚು ಹಿಡಿಯಿತು. ದೊಡ್ಡ ಕ್ಲಬ್ಬುಗಳು ಪರದೇಶದ ಹೆಸರಾಂತ ಆಟಗಾರರನ್ನು ತರಿಸಿದವು, ಸ್ಟೇಡಿಯಂಗಳು ತುಂಬಿದವು. ನಮ್ಮ ಪುಟ್ಟ ಕ್ಲಬ್ಬಿಗೂ ಹೊಸ ಪ್ರೆಸಿಡೆಂಟ್ ಬಂದ. ಸೋಫಾ ಅಂಗಡಿಯ ಮಾಲೀಕ. ಚೆಂಡು ಗುಂಡಗಿರುತ್ತದೆ ಎಂಬುದರಾಚೆಗೆ ಆಟದ ಬಗ್ಗೆ ಅವನಿಗೇನೂ ತಿಳಿದಿರಲಿಲ್ಲ. "ಮಕ್ಕಳನ್ನು ನೋಡಲು ಯಾರೂ ಟಿಕೆಟ್ ಕೊಳ್ಳೋದಿಲ್ಲ" ಎಂದು ಕಮಿಟಿಯಲ್ಲಿ ಸಾರಿದ. ದಕ್ಷಿಣ ಅಮೆರಿಕದ ಒಬ್ಬ ಮೂವತ್ತೈದು ದಾಟಿದ ಸ್ಟಾರ್‌ನನ್ನು ಕೊಳ್ಳಬೇಕು; ಅದಕ್ಕಾಗಿ ಮಕ್ಕಳ ಮೈದಾನದ ಬಾಡಿಗೆ, ಅವರ ವ್ಯಾನು, ಕೋಚ್‌ಗೆ ಕೊಡುವ ಪುಡಿಗಾಸು ಎಲ್ಲ ನಿಲ್ಲಬೇಕು. ಬೀಜದ ಭತ್ತ ಕುಟ್ಟಿ ಹಬ್ಬದೂಟ ಮಾಡುವುದೆಂದರೆ ಇದೇ ಅಲ್ಲವೇ? ಎಲ್ಲರೂ ತಲೆಯಾಡಿಸಿದರು. ಇಬ್ಬರು ಹಳೆಯ ಬೇಕರಿಯವರು ಮಾತ್ರ ಪಟ್ಟು ಹಿಡಿದರು: ಆ ಮನುಷ್ಯನ ಕಾಲು ಎರಡು ಸೀಸನ್ ಬಾಳುತ್ತದೆಂದು ಡಾಕ್ಟರ್ ಬರೆದುಕೊಡಲಿ, ಆಗ ನೋಡೋಣ.

ಹೀಗೆ ಆ ಮೊಣಕಾಲು ನನ್ನ ಕೈಗೆ ಬಂತು. ಮಡಿಸಿ ಬಿಡಿಸಿದೆ. ಒಳಗೆ ರಾಗಿಕಲ್ಲು ಬೀಸಿದಂತೆ ಗರಗರ ಎಂದಿತು. ಎಕ್ಸ್‌ರೇ ನೋಡುವ ಅಗತ್ಯವೇ ಇರಲಿಲ್ಲ. ಅವನು ತನ್ನ ಕಾಲನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ. "ಇನ್ನು ಸ್ವಲ್ಪ ದಿನ ಸಾಕು ಡಾಕ್ಟರ್" ಎಂದ ತೊದಲು ಇಂಗ್ಲಿಷಿನಲ್ಲಿ.

ಮರುದಿನ ಪ್ರೆಸಿಡೆಂಟ್ ವಾರ್ಡಿಗೇ ಬಂದು ನನ್ನ ಹೆಗಲ ಮೇಲೆ ಕೈ ಹಾಕಿದ. "ಡಾಕ್, ನಿಮ್ಮ ಡಿಪಾರ್ಟ್‌ಮೆಂಟ್ ಚೀಫ್ ಜೊತೆ ನಾನು ಗಾಲ್ಫ್ ಆಡ್ತೀನಿ. ನಿಮ್ಮ ವೀಸಾ ವಿಷಯ ಹೇಳ್ತಿದ್ರು." ಅಷ್ಟೇ. ಬೆದರಿಸಲಿಲ್ಲ, ಬೇಡಲಿಲ್ಲ. ನಕ್ಕು ಹೋದ.

ಮನೆಯಲ್ಲಿ ಹೆಂಡತಿ ಶಾಂತಾಳಿಗೆ ಹೇಳಿದೆ. ಅವಳು ಧಾರವಾಡದವಳು, ಮಾತನ್ನು ಸುತ್ತಿ ಬಳಸಿ ಆಡುವವಳಲ್ಲ. "ಅಲ್ರೀ, ಕಾಲು ಸವದೈತಿ ಅಂತ ನಿಮಗ ಗೊತ್ತೈತಿ. ಹಂಗ ಬರದು ಕೊಡ್ರಿ. ವೀಸಾ ಹೋದ್ರ ಹೋಗ್ಲಿ, ಹುಬ್ಬಳ್ಳಿಯೊಳಗೂ ಮಂದಿ ಕಾಲು ಮುರಕೋತಾರ."

ನಾನು ಸಹಿ ಮಾಡಿದೆ. "ಸೂಕ್ತ ವಿಶ್ರಾಂತಿಯೊಂದಿಗೆ ಎರಡು ಸೀಸನ್ ಆಡಬಹುದು" ಎಂದು ಬರೆದೆ. "ಸೂಕ್ತ ವಿಶ್ರಾಂತಿಯೊಂದಿಗೆ" ಎಂದು ಸೇರಿಸಿದ ನನ್ನ ಜಾಣತನಕ್ಕೆ ಒಳಗೊಳಗೇ ಹಿಗ್ಗಿದೆ ಕೂಡ. ಮನೆಗೆ ಬಂದು ಶಾಂತಾಳಿಗೆ, "ನಾನು ಆಗೋಲ್ಲ ಅಂತಲೇ ಬರೆದುಕೊಟ್ಟೆ. ಆದರೂ ಕೊಂಡುಕೊಂಡರು" ಎಂದೆ.

ಆ ಶನಿವಾರ ಅಭ್ಯಾಸಬಲದಿಂದ ಮೈದಾನಕ್ಕೆ ಹೋದೆ. ಗೇಟಿಗೆ ಸರಪಳಿ ಬಿದ್ದಿತ್ತು. ಮಕ್ಕಳು ಬೂಟುಗಳನ್ನು ಕೊರಳಿಗೆ ನೇತುಹಾಕಿಕೊಂಡು ಫುಟ್‌ಪಾತಿನ ಅಂಚಿನಲ್ಲಿ ಸಾಲಾಗಿ ಕೂತಿದ್ದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಇಪ್ಪತ್ತು ಮಕ್ಕಳಿಗೆ ಒಂದು ಮಾತು ಹೇಳುವಷ್ಟು ಮರ್ಯಾದೆಯೂ ಆ ಕಮಿಟಿಗಿರಲಿಲ್ಲ! ಕಾಲು ಉಳುಕಿಸಿಕೊಂಡಿದ್ದ ಹುಡುಗ ಎದ್ದು ಬಂದು, "ಡಾಕ್, ಗೇಟ್ ಯಾಕೆ ತೆಗೆದಿಲ್ಲ?" ಎಂದು ಕೇಳಿದ.

"ಗೊತ್ತಿಲ್ಲ" ಎಂದೆ.

ಅಲ್ಲಿಂದ ನೇರ ಸ್ಟೆಫಾನ್‌ನ ಅಂಗಡಿಗೆ ಹೋದೆ. ಅವನು ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದ. ಕಮಿಟಿಯನ್ನು ಬಾಯಿಗೆ ಬಂದಂತೆ ಬೈದು, "ನೀವು ಯಾಕೆ ಜಗಳ ಆಡಲಿಲ್ಲ?" ಎಂದು ಅವನನ್ನೇ ಕೇಳಿದೆ. ಎಂಥ ಭಂಡತನ ನೋಡಿ.

"ಆಡೋದಕ್ಕೇ ಹೋಗಿದ್ದೆ" ಎಂದ. "ಆದರೆ ಕಾಗದದ ಕೆಳಗೆ ನಿಮ್ಮ ಹೆಸರಿತ್ತು. ನನ್ನ ಮಕ್ಕಳ ಡಾಕ್ಟರ್ ಸುಳ್ಳು ಬರೆಯೋದಿಲ್ಲ ಅಂದುಕೊಂಡೆ. ಎರಡು ವರ್ಷ ಅವನು ಆಡಲಿ, ಕ್ಲಬ್ಬಿಗೆ ದುಡ್ಡು ಬರಲಿ, ಆಮೇಲೆ ಮಕ್ಕಳ ಟೀಮ್ ಮತ್ತೆ ಕೇಳೋಣ ಅಂತ ಸುಮ್ಮನಾದೆ."

ನಾನು ಗಡಿಯಾರ ನೋಡಿ, ಡ್ಯೂಟಿಗೆ ಹೊತ್ತಾಯಿತು ಎಂದೆ. ಕೋಟಿನ ತೋಳು ಕಳಚಿ ಅವನ ಮೇಜಿನ ಮೇಲೆ ಬಿತ್ತು.

ನಾಲ್ಕನೇ ಪಂದ್ಯದಲ್ಲಿ ಆ ಮೊಣಕಾಲು ಹೋಯಿತು. ಆ ಸ್ಟಾರ್‌ನ ಹತ್ತಿರ ಯಾರೂ ಇರಲಿಲ್ಲ, ತನ್ನಷ್ಟಕ್ಕೆ ತಾನೇ ತಿರುಗುವಾಗ ಕುಸಿದ. ಆಪರೇಷನ್ನಿಗೆ ನಾನೇ ಸಹಾಯಕ. ಎಚ್ಚರವಾದಾಗ ಅವನು ನನ್ನ ಕೈ ಹಿಡಿದು "ಥ್ಯಾಂಕ್ ಯು, ಡಾಕ್ಟರ್" ಎಂದ. ಪ್ರೆಸಿಡೆಂಟ್ ಒಂದು ಸಲವೂ ನೋಡಲು ಬರಲಿಲ್ಲ. ಕುಂಟುತ್ತಾ ಆ ಆಟಗಾರ ಒಬ್ಬನೇ ತನ್ನ ದೇಶಕ್ಕೆ ಹೋದ. ಮರುವರ್ಷ ಕ್ಲಬ್ಬು ಮುಚ್ಚಿತು, ಮೈದಾನದ ಜಾಗದಲ್ಲಿ ಗೋದಾಮು ಎದ್ದಿತು. ಸೋಫಾ ಅಂಗಡಿಗೆ ಇನ್ನೊಂದು ಶಾಖೆ ಬಂತು. ಸ್ಟೆಫಾನ್ ಮತ್ತೆಂದೂ ಟೀಮ್ ಕಟ್ಟಲಿಲ್ಲ.

ನನ್ನ ಗ್ರೀನ್ ಕಾರ್ಡೂ ಬಂತು, ತನ್ನ ಸರದಿಯಲ್ಲಿ, ಯಾರ ದಯೆಯೂ ಇಲ್ಲದೆ. ಚೀಫ್ ನಿವೃತ್ತರಾದ ದಿನ ಪಾರ್ಟಿಯಲ್ಲಿ ಯಾರೋ, ಇನ್ನು ಮೇಲೆ ದಿನವೂ ಗಾಲ್ಫ್ ಆಡಬಹುದಲ್ಲ ಎಂದರು. "ಆ ಕೋಲನ್ನು ನಾನು ಜನ್ಮದಲ್ಲಿ ಮುಟ್ಟಿಲ್ಲ" ಎಂದರು ಅವರು.

ಅಂದಿನಿಂದ ಆ ಪ್ರೆಸಿಡೆಂಟನನ್ನು ಬೈಯುತ್ತಲೇ ಬಂದಿದ್ದೇನೆ. ಬೈಗುಳಕ್ಕೆ ಅವನು ಯೋಗ್ಯನೇ. ಒಂದನ್ನೂ ಹಿಂದಕ್ಕೆ ಪಡೆಯಲಾರೆ. ಆದರೆ ಅವನಿಗೆ ಸಹಿ ಹಾಕಿಕೊಟ್ಟವನನ್ನು ಒಮ್ಮೆಯೂ ಬೈದಿರಲಿಲ್ಲ.

ಇಲ್ಲಿಯವರೆಗೆ ಬರೆದ ಹಾಳೆಗಳನ್ನು ಮೊನ್ನೆ ಶಾಂತಾಳ ಕೈಗಿಟ್ಟೆ. ಅವಳು ಕನ್ನಡಕ ಹಾಕಿಕೊಂಡು, ಊಟದ ಮೇಜಿನ ಮುಂದೆ ಕೂತು, ಒಂದೊಂದೇ ಹಾಳೆ ಓದಿದಳು. ನಾನು ಸಿಂಕಿನ ಬಳಿ ನಿಂತು ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದೆ.

"ಅವತ್ತ ನಾನು ನಮ್ಮ ಅಪ್ಪಗ ಪತ್ರ ಬರದಿದ್ದೆ" ಎಂದಳು. "ಇವರು ಯಾರಿಗೂ ಅಂಜೂದಿಲ್ಲಪಾ, ಖರೇ ಹೇಳಿ ಬಂದ್ರು ಅಂತ. ಅಪ್ಪ ಅದನ್ನ ಓಣಿ ಮಂದಿಗೆಲ್ಲ ಓದಿ ತೋರಿಸಿದ್ನಂತ."

ನನಗೆ ಗೊತ್ತಿರಲಿಲ್ಲ. ಮಾವನವರು ತೀರಿಕೊಂಡು ಎಷ್ಟೋ ವರ್ಷವಾಯಿತು.

"ಇನ್ನ ಮ್ಯಾಲೆ ಮಂದಿ ಮುಂದ ಆ ಮಾತು ತಗದ್ರ, ಪೂರ್ತಿ ಹೇಳ್ರಿ. ಇಲ್ಲಂದ್ರ ತಗೀಬ್ಯಾಡ್ರಿ."

ಹಾಳೆಗಳನ್ನು ಮೇಜಿನ ಮೇಲೇ ಬಿಟ್ಟು ಎದ್ದುಹೋದಳು. ಆಮೇಲೆ ನನ್ನ ಜೊತೆ ಮಾತಾಡಿಲ್ಲ. ಇಂದು ಬೆಳಿಗ್ಗೆಯೂ ಕಾಫಿ ಲೋಟವನ್ನು ಸದ್ದಾಗುವಂತೆ ಇಟ್ಟು ಹೋದಳು. ಸಮಾಧಾನ ಮಾಡಲು ನಾನು ಹೋಗಿಲ್ಲ. ಈ ಸಿಟ್ಟು ಬರಬೇಕಾದ ವಿಳಾಸಕ್ಕೇ ಬಂದಿದೆ.